ನಲವತ್ತು ಗೊಂಬೆ, ಎರಡು ದಿನ: ಸಹಾಯಾರ್ಥ ಸೈನ್ಯಕ್ಕೆ ಬಣ್ಣ ಹಚ್ಚುವವರಿಗೆ ಟಿಪ್ಪಣಿ

ಮೇಜಿನ ಮೇಲೆ ಆಡುವ ಯುದ್ಧದ ಆಟಕ್ಕೆ ಪುಟ್ಟ ಗೊಂಬೆಗಳ ಒಂದು ಸೈನ್ಯ ಬೇಕು. ಅಂಥ ಸೈನ್ಯಕ್ಕೆ ಶನಿವಾರ, ಭಾನುವಾರ ಕೂತು ಬಣ್ಣ ಹಚ್ಚುವುದು, ಆಮೇಲೆ ಅದನ್ನು ಹರಾಜಿಗೋ ಟಿಕೆಟ್ ಮಾರಿ ಚೀಟಿ ಎತ್ತುವುದಕ್ಕೋ ಇಟ್ಟು ಬಂದ ಹಣವನ್ನು ಕಷ್ಟದಲ್ಲಿರುವವರಿಗೆ ತಲುಪಿಸುವುದು ಈ ಹವ್ಯಾಸದಲ್ಲಿ ಬೆಳೆದುಬಂದ ಒಂದು ಒಳ್ಳೆಯ ರೂಢಿ. ಅಮೆರಿಕದ ನೋವಾ ಓಪನ್ ಚಾರಿಟೆಬಲ್ ಫೌಂಡೇಶನ್ ಇದನ್ನು ದೊಡ್ಡದಾಗಿ ಮಾಡುತ್ತದೆ. ಸ್ವಯಂಸೇವಕರು ಬಣ್ಣ ಹಚ್ಚಿ ಕೊಟ್ಟ ಸೈನ್ಯಗಳನ್ನು ಅಲ್ಲಿ ಚೀಟಿ ಎತ್ತಿ ಕೊಡುತ್ತಾರೆ, ಹಣ ವೈದ್ಯಕೀಯ ನೆರವು ಕೊಡುವ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ನಂಥ ಸಂಸ್ಥೆಗಳಿಗೆ ಹೋಗುತ್ತದೆ.

ನಾಲ್ಕಾರು ಗೊಂಬೆಗೆ ಬಣ್ಣ ಹಚ್ಚಿ ಅಭ್ಯಾಸ ಇದೆ, ಇಡೀ ಸೈನ್ಯಕ್ಕೆ ಇನ್ನೂ ಕೈ ಹಾಕಿಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಗೊಂಬೆ ಚೆನ್ನಾಗಿ ಮಾಡುವುದು ಬೇರೆ ವಿದ್ಯೆ, ನಲವತ್ತನ್ನು ಮುಗಿಸುವುದು ಬೇರೆ ವಿದ್ಯೆ. ನನಗೆ ಇದು ಅರ್ಥವಾಗಲು ಮೂರು ವಾರಾಂತ್ಯ ಬೇಕಾಯಿತು.

ಮೊದಲು ಲೆಕ್ಕ

28 ಮಿಲಿಮೀಟರ್ ಅಳತೆಯ 40 ಗೊಂಬೆ ಅಂತ ಇಟ್ಟುಕೊಳ್ಳೋಣ. ಈ ಅಳತೆಯನ್ನು ಸಾಮಾನ್ಯವಾಗಿ ಪಾದದಿಂದ ಕಣ್ಣಿನವರೆಗೆ ಹಿಡಿಯುತ್ತಾರೆ. ಎರಡು ದಿನದಲ್ಲಿ ನಿದ್ದೆ, ಊಟ, ವಿಶ್ರಾಂತಿ ಎಲ್ಲ ಕಳೆದರೆ ಬ್ರಶ್ ಕೈಯಲ್ಲಿರುವ ಸಮಯ ಸುಮಾರು 20 ಗಂಟೆ. ಅಂದರೆ 1200 ನಿಮಿಷ. 40ರಿಂದ ಭಾಗಿಸಿದರೆ ತಲೆಗೆ 30 ನಿಮಿಷ. ಬೇಸ್ (ಗೊಂಬೆ ನಿಲ್ಲುವ ಪುಟ್ಟ ತಟ್ಟೆ) ಮತ್ತು ವಾರ್ನಿಶ್‌ಗೆ 10 ನಿಮಿಷ ತೆಗೆದಿಟ್ಟರೆ ಉಳಿಯುವುದು 20.

ಈಗ ಇದನ್ನೇ ತಿರುಗಿಸಿ ನೋಡಿ. ಬೆಲ್ಟಿನ ಬಕಲ್‌ಗೆ ಒಂದು ಚುಕ್ಕೆ ಬಣ್ಣ ಇಡಲು ಒಂದು ನಿಮಿಷ ಸಾಕು ಅನಿಸುತ್ತದೆ. ಸೈನ್ಯಕ್ಕೆ ಅದು 40 ನಿಮಿಷ. ಕಣ್ಣು ಬರೆಯಲು ಎರಡು ನಿಮಿಷ ಆದರೆ ಒಟ್ಟು 80 ನಿಮಿಷ, ಶನಿವಾರದ ಸಂಜೆಯ ಒಂದು ದೊಡ್ಡ ತುಂಡು. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಇಲ್ಲಿ ಅಕ್ಷರಶಃ ನಿಜ.

ಹಾಗಾದರೆ ಯಾವುದನ್ನು ಬಿಡಬೇಕು? ನಾನು ಬಳಸುವ ಪರೀಕ್ಷೆ ಇದು: ಗೊಂಬೆಯನ್ನು ಮೇಜಿನ ಮೇಲಿಟ್ಟು ಒಂದು ಮೀಟರ್ ದೂರ ನಿಲ್ಲಿ. ಆಟ ಆಡುವವರು ನೋಡುವುದು ಹೆಚ್ಚುಕಡಿಮೆ ಅಷ್ಟೇ ದೂರದಿಂದ. ಅಲ್ಲಿಂದ ಕಾಣದ ಕೆಲಸ ಈ ವಾರಾಂತ್ಯಕ್ಕೆ ಬೇಡ. ಕಣ್ಣನ್ನೇ ತೆಗೆದುಕೊಳ್ಳಿ. ಆ ಅಳತೆಯಲ್ಲಿ ಕಣ್ಣು ಅಂದರೆ ಒಂದು ಮಿಲಿಮೀಟರೂ ಇಲ್ಲದ ಜಾಗ. ಕಣ್ಣಿನ ಗುಳಿಯಲ್ಲಿ ಗಾಢ ಬಣ್ಣ ನಿಂತರೆ ಸಾಕು, ನೋಡುವವರ ಮನಸ್ಸು ಅಲ್ಲಿ ಕಣ್ಣು ಇದೆ ಅಂತ ತಾನೇ ತುಂಬಿಕೊಳ್ಳುತ್ತದೆ. ಬಿಳಿ ಹಚ್ಚಿ, ಕಪ್ಪು ಚುಕ್ಕೆ ಇಡಲು ಹೋಗಿ ಅದು ಸ್ವಲ್ಪ ಆಚೀಚೆ ಆದರೆ, ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ.

ದೂರದಿಂದ ನಿಜವಾಗಿ ಕಾಣುವುದು ಮೂರು: ಮುಖ, ಬೇಸ್, ಮತ್ತು ಇಡೀ ಗುಂಪಿನ ಬಣ್ಣ ಒಂದಕ್ಕೊಂದು ಹೊಂದಿದೆಯಾ ಅನ್ನುವುದು. ಉಳಿಸಿದ ಸಮಯವನ್ನು ಇವಕ್ಕೆ ಕೊಡಿ. ಈ ಟಿಪ್ಪಣಿಯಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ನೆನಪಿಡಿ ಅಂತ ನಾನು ಕೇಳಿಕೊಳ್ಳುತ್ತೇನೆ.

ವಾರಾಂತ್ಯಕ್ಕೆ ಮುಂಚೆ

ಜೋಡಿಸುವ ಕೆಲಸ ಆ ಎರಡು ದಿನದೊಳಗೆ ಬರಲೇಬಾರದು. ಗೊಂಬೆಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್‌ದಾದರೆ ಪ್ಲಾಸ್ಟಿಕ್ ಸಿಮೆಂಟ್ ಬಳಸಿ. ಅದು ಎರಡೂ ಮೈಯನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ, ಹಾಗಾಗಿ ಗಟ್ಟಿ. ಲೋಹ ಮತ್ತು ರೆಸಿನ್ ಗೊಂಬೆಗೆ ಅದು ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ರೆಸಿನ್ ಗೊಂಬೆಯ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಉಳಿದಿರುತ್ತದೆ. ಬೆಚ್ಚಗಿನ ಸೋಪಿನ ನೀರಲ್ಲಿ ತೊಳೆಯದಿದ್ದರೆ ಬಣ್ಣ ಸಿಪ್ಪೆಯಂತೆ ಎದ್ದು ಬರುತ್ತದೆ.

ಅಚ್ಚಿನ ಎರಡು ಭಾಗ ಸೇರುವಲ್ಲಿ ಒಂದು ಸಣ್ಣ ಗೆರೆ ಉಳಿಯುತ್ತದೆ. ಚಾಕುವಿನ ಬೆನ್ನಿನಿಂದ ಅದನ್ನು ಕೆರೆದು ತೆಗೆಯಿರಿ. ಸಮಯ ಇಲ್ಲ ಅಂತ ಬಹಳ ಜನ ಇದನ್ನು ಬಿಡುತ್ತಾರೆ. ಆದರೆ ನಾವು ಮುಂದೆ ಮಾಡುವ ಡ್ರೈಬ್ರಶ್ (ಬಣ್ಣ ಬಹುತೇಕ ಒರೆಸಿದ ಬ್ರಶ್ ಸವರುವುದು) ಎದ್ದಿರುವ ಅಂಚನ್ನೇ ಹುಡುಕಿ ಹಿಡಿಯುತ್ತದೆ. ಬಿಟ್ಟ ಗೆರೆ ಆಗ ಬಿಳಿ ದಾರದ ಥರ ಎದ್ದು ಕಾಣುತ್ತದೆ. ಬೇಗ ಮುಗಿಸುವ ವಿಧಾನದಲ್ಲೇ ಈ ಕೆಲಸ ಜಾಸ್ತಿ ಮುಖ್ಯ.

ಆಮೇಲೆ ಗುರುವಾರದೊಳಗೆ ಒಂದು ಗೊಂಬೆಯನ್ನು ಪೂರ್ತಿ ಮುಗಿಸಿ. ಗಡಿಯಾರ ಇಟ್ಟುಕೊಂಡು ಮಾಡಿ. ಯಾವ ಬಣ್ಣ, ಯಾವ ಕ್ರಮ, ಎಷ್ಟು ನಿಮಿಷ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ಆ ಗೊಂಬೆಗೆ 35 ನಿಮಿಷ ಹಿಡಿದರೆ ಏನನ್ನು ಕೈಬಿಡಬೇಕು ಅಂತ ಯೋಚಿಸಲು ಇನ್ನೂ ಸಮಯ ಇರುತ್ತದೆ. ಶನಿವಾರ ಬೆಳಗ್ಗೆ ಬಣ್ಣ ಆರಿಸುತ್ತಾ ಕೂತರೆ ಮಧ್ಯಾಹ್ನ ಆಗಿಹೋಗುತ್ತದೆ.

ಬಣ್ಣ ಐದು ಸಾಕು: ಒಂದು ಮುಖ್ಯ ಬಟ್ಟೆಗೆ, ಒಂದು ಚರ್ಮದ ಪಟ್ಟಿ ಮತ್ತು ಚೀಲಗಳಿಗೆ, ಒಂದು ಮೈಬಣ್ಣಕ್ಕೆ, ಒಂದು ಲೋಹಕ್ಕೆ, ಒಂದು ಕಣ್ಸೆಳೆಯುವ ಕಡೆ ಮಾತ್ರ. ಕೊನೆಯದನ್ನು ಟೋಪಿಯ ಗರಿ, ಬಾವುಟ, ಗುರಾಣಿಯ ಗುರುತು ಇಂಥ ಕಡೆ ಮಾತ್ರ ಹಚ್ಚಿ. ನಲವತ್ತು ಗೊಂಬೆಗಳ ಮೇಲೂ ಅದೇ ಐದು ಬಣ್ಣ ಬಂದಾಗ ಸೈನ್ಯ ಒಂದೇ ಮನೆಯದು ಅನಿಸುತ್ತದೆ.

ಶುಕ್ರವಾರ ರಾತ್ರಿ: ಪ್ರೈಮರ್

ಅಕ್ರಿಲಿಕ್ ಬಣ್ಣ ಬರೀ ಪ್ಲಾಸ್ಟಿಕ್ ಮೇಲೆ, ಲೋಹದ ಮೇಲೆ ಸರಿಯಾಗಿ ಕೂರುವುದಿಲ್ಲ. ಪ್ರೈಮರ್ ಅದಕ್ಕೆ ಹಿಡಿತ ಕೊಡುತ್ತದೆ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, 20ರಿಂದ 30 ಸೆಂಟಿಮೀಟರ್ ದೂರದಿಂದ ಸಣ್ಣ ಸಣ್ಣ ಬೀಸಿನಲ್ಲಿ ಹೊಡೆಯಿರಿ. ಗಾಳಿಯಾಡುವ ಜಾಗ ಇರಲಿ, ಮುಖಕ್ಕೆ ಮಾಸ್ಕ್ ಇರಲಿ.

ಒಮ್ಮೆ ತೇವ ತುಂಬಿದ ಹವೆಯಲ್ಲಿ, ನಾಳೆಗೆ ತಡವಾಗುತ್ತದೆ ಅಂತ ಹೊಡೆದುಬಿಟ್ಟೆ. ಹನ್ನೆರಡು ಗೊಂಬೆಗಳ ಮೇಲೆ ಪ್ರೈಮರ್ ಮರಳು ಕಾಗದದ ಥರ ಒರಟಾಗಿ ಕೂತಿತು. ದೂರ ಜಾಸ್ತಿಯಾದರೂ ಹೀಗೇ ಆಗುತ್ತದೆ: ಹನಿಗಳು ಗೊಂಬೆಗೆ ಮುಟ್ಟುವ ಮೊದಲೇ ಒಣಗಿ ಪುಡಿಯಾಗಿ ಅಂಟುತ್ತವೆ. ಅವನ್ನು ತೊಳೆದು ಮತ್ತೆ ಶುರುಮಾಡಲು ಇಡೀ ಶನಿವಾರ ಬೆಳಗ್ಗೆ ಹೋಯಿತು. ಅವತ್ತಿನಿಂದ ಎಷ್ಟೇ ಅವಸರ ಇದ್ದರೂ ಮೊದಲು ಒಂದು ಹಳೆಯ ಪ್ಲಾಸ್ಟಿಕ್ ತುಂಡಿನ ಮೇಲೆ ಹೊಡೆದು ನೋಡುತ್ತೇನೆ.

ನಾನು ಪೂರ್ತಿ ಕಪ್ಪು ಹೊಡೆದು, ಒಣಗಿದ ಮೇಲೆ ತಿಳಿ ಬೂದು, ಆಮೇಲೆ ಬಿಳಿ ಬಣ್ಣದಲ್ಲಿ ಡ್ರೈಬ್ರಶ್ ಮಾಡುತ್ತೇನೆ. ಬ್ರಶ್‌ನಲ್ಲಿರುವ ಬಣ್ಣವನ್ನು ಬಹುತೇಕ ಒರೆಸಿಬಿಟ್ಟು, ಮೇಲಿನಿಂದ ಕೆಳಗೆ ಹಗುರವಾಗಿ ಸವರುವುದು ಅಷ್ಟೇ. ಎತ್ತರದ ಭಾಗ ಬಿಳಿಯಾಗುತ್ತದೆ, ಗುಳಿಗಳು ಕಪ್ಪಾಗಿ ಉಳಿಯುತ್ತವೆ. ಅಂದರೆ ಬೆಳಕು ನೆರಳು ಬಣ್ಣಕ್ಕೆ ಮುಂಚೆಯೇ ಗೊಂಬೆಯ ಮೇಲೆ ಬಂದುಬಿಟ್ಟಿದೆ. ಕಲಿಯುವವರಿಗೆ ಇದು ದೊಡ್ಡ ಉಪಕಾರ.

ಪಾರದರ್ಶಕ ಬಣ್ಣ ಹೇಗೆ ಕೆಲಸ ಮಾಡುತ್ತದೆ

ಈಗ ಎರಡು ದಿನದಲ್ಲಿ ಸೈನ್ಯ ಮುಗಿಸುವುದು ಇಷ್ಟು ಸಲೀಸಾಗಲು ಒಂದು ಕಾರಣ ಇದೆ. ಇಂಥ ಆಟ, ಗೊಂಬೆಗಳನ್ನು ಮಾಡುವ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 2019ರಲ್ಲಿ ಸಿಟಾಡೆಲ್ ಕಾಂಟ್ರಾಸ್ಟ್ ಅನ್ನುವ ಬಣ್ಣಗಳನ್ನು ತಂದಿತು. ಡೆನ್ಮಾರ್ಕ್‌ನ ಆರ್ಮಿ ಪೇಂಟರ್ ಕಂಪನಿ 2022ರಲ್ಲಿ ಸ್ಪೀಡ್‌ಪೇಂಟ್ ತಂದಿತು. ಇವು ತೆಳು, ಅರೆ ಪಾರದರ್ಶಕ. ಹಚ್ಚಿದಾಗ ಎತ್ತರದ ಜಾಗದಿಂದ ಜಾರಿ ಗುಳಿಗಳಲ್ಲಿ ನಿಲ್ಲುತ್ತವೆ. ಗುಳಿಯಲ್ಲಿ ದಪ್ಪ, ಹಾಗಾಗಿ ಗಾಢ. ಅಂಚಿನಲ್ಲಿ ತೆಳು, ಹಾಗಾಗಿ ತಿಳಿ. ಕೆಳಗೆ ನಾವು ಮೊದಲೇ ಮಾಡಿಟ್ಟ ಬಿಳಿ, ಕಪ್ಪು ಅದರ ಮೂಲಕ ಕಾಣುತ್ತದೆ. ಮೂಲ ಬಣ್ಣ, ನೆರಳು, ಬೆಳಕು ಅಂತ ಮೂರು ಸುತ್ತು ಮಾಡುವ ಕೆಲಸ ಒಂದೇ ಸುತ್ತಿಗೆ ಇಳಿಯುತ್ತದೆ.

ಎರಡು ಎಚ್ಚರಿಕೆ. ಬಟ್ಟೆಯ ಮಡಿಕೆ, ಕೂದಲು, ತುಪ್ಪಳದ ಮೇಲೆ ಇದು ಸೊಗಸಾಗಿ ಕೂರುತ್ತದೆ. ಅಗಲವಾದ ಚಪ್ಪಟೆ ಜಾಗದಲ್ಲಿ ಮಾತ್ರ ಅಲ್ಲಲ್ಲಿ ಮಡುಗಟ್ಟಿ, ಒಣಗಿದಾಗ ಕಲೆಯ ಹಾಗೆ ಕಾಣುತ್ತದೆ. ಒದ್ದೆ ಇರುವಾಗಲೇ ಸ್ವಲ್ಪ ತೇವದ ಬ್ರಶ್‌ನಿಂದ ಹೆಚ್ಚಿನದನ್ನು ಹೀರಿ ತೆಗೆಯಿರಿ. ಅರ್ಧ ಒಣಗಿದ ಮೇಲೆ ಮುಟ್ಟಬೇಡಿ, ಹರಿದ ಹಾಗೆ ಆಗುತ್ತದೆ.

ಇನ್ನೊಂದು, ಸ್ಪೀಡ್‌ಪೇಂಟ್‌ನ ಮೊದಲ ಆವೃತ್ತಿ ಒಣಗಿದ ಮೇಲೂ, ಅದರ ಮೇಲೆ ಒದ್ದೆ ಬಣ್ಣ ಬಿದ್ದರೆ ಮತ್ತೆ ಕರಗುತ್ತಿತ್ತು. ಕೆಂಪಿನ ಮೇಲೆ ಬಿಳಿ ಹಚ್ಚಿದರೆ ಗುಲಾಬಿ. 2023ರ ಎರಡನೇ ಆವೃತ್ತಿಯಲ್ಲಿ ಇದನ್ನು ಸರಿಮಾಡಿದರು. ಯಾರಾದರೂ ಕೊಟ್ಟ ಹಳೆಯ ಬಾಟಲಿ ನಿಮ್ಮ ಹತ್ತಿರ ಇದ್ದರೆ ಅದು ಯಾವ ಆವೃತ್ತಿ ಅಂತ ನೋಡಿಕೊಳ್ಳಿ.

ಶನಿವಾರ: ಸಾಲು

ನಲವತ್ತನ್ನೂ ಒಟ್ಟಿಗೆ ಮುಂದಿಟ್ಟುಕೊಳ್ಳಬೇಡಿ. ಹತ್ತರ ನಾಲ್ಕು ಗುಂಪು ಮಾಡಿ. ಹತ್ತನೆಯ ಗೊಂಬೆಗೆ ಬಟ್ಟೆಯ ಬಣ್ಣ ಹಚ್ಚುವ ಹೊತ್ತಿಗೆ ಮೊದಲನೆಯದು ಸುಮಾರಾಗಿ ಒಣಗಿರುತ್ತದೆ. ನಲವತ್ತು ಸಾಲಿಟ್ಟರೂ ಲೆಕ್ಕದಲ್ಲಿ ಅಷ್ಟೇ ಸಮಯ. ಆದರೆ ಮನಸ್ಸಿಗೆ ಅಷ್ಟೇ ಅಲ್ಲ, ಅಲ್ವಾ? ಹತ್ತು ಮುಗಿದು ಪಕ್ಕಕ್ಕೆ ಹೋದಾಗ ಬರುವ ಹುರುಪು ಮುಂದಿನ ಹತ್ತನ್ನು ಎಳೆದುಕೊಂಡು ಹೋಗುತ್ತದೆ.

ಗೊಂಬೆಗಳನ್ನು ಬಾಟಲಿ ಮುಚ್ಚಳದ ಮೇಲೆ ಅಂಟಿಸಿಕೊಂಡರೆ ಹಿಡಿಯುವುದು ಸುಲಭ, ಬೆರಳಿನ ಜಿಡ್ಡು ತಾಗುವುದಿಲ್ಲ. ಕೊಳಕಾಗುವ ಕೆಲಸ ಮೊದಲು, ನಾಜೂಕಿನದು ಆಮೇಲೆ. ಲೋಹದ ಬಣ್ಣಕ್ಕೆ ಬೇರೆ ನೀರಿನ ಲೋಟ ಇಡಿ, ಇಲ್ಲದಿದ್ದರೆ ಅದರ ಮಿನುಗುವ ಚೂರುಗಳು ಎಲ್ಲ ಬಣ್ಣದೊಳಗೂ ಬರುತ್ತವೆ. ಬ್ರಶ್ ಎಷ್ಟು ಸಣ್ಣದಾದರೆ ಅಷ್ಟು ಒಳ್ಳೆಯದು ಅನ್ನುವುದು ತಪ್ಪು ಕಲ್ಪನೆ. ಮೊನೆ ಚೆನ್ನಾಗಿರುವ 2 ನಂಬರಿನ ಬ್ರಶ್ ಜಾಸ್ತಿ ಬಣ್ಣ ಹಿಡಿಯುತ್ತದೆ, ತುದಿಯಲ್ಲಿ ಬೇಗ ಒಣಗುವುದೂ ಇಲ್ಲ. ಮೊನೆ ಮಾಡಲು ಬ್ರಶ್ ಬಾಯಿಗೆ ಇಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತದೆ, ಅವನ್ನು ಮುಟ್ಟಿದ ಮೇಲೆ ಕೈ ತೊಳೆದೇ ಊಟ ಮಾಡಿ.

ಗಂಟೆಗೊಮ್ಮೆ ಎದ್ದು ನಡೆಯಿರಿ. ಕತ್ತು, ಸೊಂಟ ಹಿಡಿದುಕೊಂಡರೆ ಭಾನುವಾರ ಕೈ ಓಡುವುದಿಲ್ಲ.

ರಾತ್ರಿ ಮಲಗುವ ಮೊದಲು ಬೇಸ್‌ಗೆ ಬಿಳಿ ಅಂಟು ಸವರಿ ಮರಳಲ್ಲಿ ಅದ್ದಿಡಿ. ಈ ಅಂಟು ಗಟ್ಟಿಯಾಗಲು ಹಲವು ಗಂಟೆ ಬೇಕು. ನೀವು ಮಲಗಿರುವಾಗ ಅದು ತನ್ನ ಕೆಲಸ ಮಾಡಿಕೊಳ್ಳಲಿ.

ಭಾನುವಾರ: ಮುಖ, ಬೇಸ್, ವಾರ್ನಿಶ್

ಬೆಳಗ್ಗೆ ಕಣ್ಣು ಚುರುಕಾಗಿರುವಾಗ ಮುಖಗಳನ್ನು ಮುಗಿಸಿ. ಮೂಗಿನ ತುದಿ, ಕೆನ್ನೆ, ಗಲ್ಲ, ಹಣೆ, ಇಷ್ಟಕ್ಕೆ ತಿಳಿ ಮೈಬಣ್ಣದ ಒಂದೊಂದು ಚುಕ್ಕೆ. ತಲೆಗೆ ಎರಡು ನಿಮಿಷ. ಈ 80 ನಿಮಿಷ ಮಾತ್ರ ನಾನು ಯಾವತ್ತೂ ಉಳಿಸಲು ಹೋಗುವುದಿಲ್ಲ. ಸೇನಾನಾಯಕನ ಗೊಂಬೆಗೆ ಇನ್ನೂ ಅರ್ಧ ಗಂಟೆ ಬೇಕಾದರೂ ಕೊಡಿ. ನೋಡುವವರು ಮೊದಲು ಕೈಗೆತ್ತಿಕೊಳ್ಳುವುದು ಅವನನ್ನೇ.

ಬೇಸ್‌ಗೆ ಕಂದು ಬಣ್ಣ, ಮೇಲೆ ತಿಳಿ ಡ್ರೈಬ್ರಶ್, ಒಂದು ಗುಚ್ಛ ಹುಲ್ಲು, ಅಂಚಿಗೆ ಒಂದೇ ಬಣ್ಣದ ಶುಭ್ರವಾದ ಸುತ್ತು. ಅಂಚು ಗಲೀಜಾಗಿದ್ದರೆ ಒಳ್ಳೆಯ ಗೊಂಬೆಯೂ ಅರ್ಧಂಬರ್ಧ ಕಾಣುತ್ತದೆ. ಅಂಚು ಶುಭ್ರವಾಗಿದ್ದರೆ ಸಾಧಾರಣ ಗೊಂಬೆಯೂ ಪೂರ್ತಿಯಾದ ಹಾಗೆ ಕಾಣುತ್ತದೆ.

ವಾರ್ನಿಶ್ ಬಿಡಬೇಡಿ. ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಇಡುವ ಗೊಂಬೆಯಾದರೆ ಬೇರೆ ಮಾತು. ಇದು ಬೇರೆಯವರ ಕೈಗೆ ಹೋಗುತ್ತದೆ, ಪ್ರತಿ ಆಟದಲ್ಲೂ ನೂರು ಸಲ ಎತ್ತಿಡುತ್ತಾರೆ. ಮ್ಯಾಟ್ ವಾರ್ನಿಶ್ ಸ್ಪ್ರೇ ತೇವದ ಹವೆಯಲ್ಲಿ ಬೆಳ್ಳಗೆ ಮಂಜು ಕವಿದ ಹಾಗೆ ಆಗುವುದುಂಟು. ಎಲ್ಲ ಕೆಲಸ ಮುಗಿದ ಮೇಲೆ ಹೀಗಾದರೆ ಸಹಿಸುವುದು ಕಷ್ಟ. ಹವೆ ಸರಿಯಿಲ್ಲದಿದ್ದರೆ ಬ್ರಶ್‌ನಿಂದಲೇ ತೆಳುವಾಗಿ ಹಚ್ಚಿ.

ಹಣದ ವಿಷಯ

ಹಣ ಯಾರಿಗೆ ಹೋಗುತ್ತದೆ ಅನ್ನುವುದನ್ನು ಬ್ರಶ್ ಹಿಡಿಯುವ ಮೊದಲೇ ತೀರ್ಮಾನಿಸಿ, ಆ ಸಂಸ್ಥೆಯ ಹತ್ತಿರ ಮಾತಾಡಿ, ಅವರ ಹೆಸರು ಬಳಸಲು ಒಪ್ಪಿಗೆ ಪಡೆಯಿರಿ. ಟಿಕೆಟ್ ಮಾರಿ ಚೀಟಿ ಎತ್ತುವುದಕ್ಕೆ ಬಹಳ ಕಡೆ ಕಾನೂನಿನ ಕಟ್ಟುಪಾಡು ಇದೆ. ಹರಾಜು, ಅಥವಾ ಗೊಂಬೆಗೆ ಇಷ್ಟು ಅಂತ ಪರಿಚಯದವರಿಂದ ದೇಣಿಗೆ ಹೇಳಿಸಿಕೊಳ್ಳುವುದು ಹೆಚ್ಚು ಸರಳ. ಆದಷ್ಟು ಮಟ್ಟಿಗೆ ಹಣ ನೇರವಾಗಿ ಸಂಸ್ಥೆಗೇ ಹೋಗಲಿ, ನಿಮ್ಮ ಖಾತೆಯನ್ನು ದಾಟದಿರಲಿ. ಆರು ಗಂಟೆಗೊಮ್ಮೆ ಮೇಜಿನ ಫೋಟೋ ತೆಗೆದು ದೇಣಿಗೆ ಕೊಟ್ಟವರಿಗೆ ಕಳಿಸಿ. ತಾವು ಕೊಟ್ಟದ್ದು ಗೊಂಬೆಯಿಂದ ಗೊಂಬೆಗೆ ರೂಪ ತಳೆಯುವುದನ್ನು ಅವರು ನೋಡಲಿ.

ಪೂರ್ತಿಯಾದ ಸೈನ್ಯಕ್ಕೆ ಬೆಲೆ ಇರುವುದು ಚೆಂದಕ್ಕೆ ಮಾತ್ರ ಅಲ್ಲ. ವಾರ್‌ಹ್ಯಾಮರ್ 40,000 ಆಟದಲ್ಲಿ 2020ರ ಒಂಬತ್ತನೇ ಆವೃತ್ತಿಯಿಂದ, ಇಡೀ ಸೈನ್ಯಕ್ಕೆ ಬಣ್ಣ ಹಚ್ಚಿ ಬೇಸ್ ಮುಗಿಸಿದ್ದರೆ 100 ಅಂಕದಲ್ಲಿ 10 ಅಂಕ ಅದಕ್ಕೇ ಸಿಗುತ್ತದೆ. ಮೂವತ್ತೆಂಟು ಮುಗಿದು ಎರಡು ಉಳಿದರೆ ಆ ಹತ್ತು ಅಂಕ ಇಲ್ಲ. ಭಾನುವಾರ ಸಂಜೆ ಸಮಯ ಸಾಲದು ಅನಿಸಿದರೆ ಎಲ್ಲ ಗೊಂಬೆಗಳಿಂದಲೂ ಒಂದು ಹಂತ ಕಡಿಮೆ ಮಾಡಿ, ಒಂದು ಗೊಂಬೆಯನ್ನೂ ಬರಿದಾಗಿ ಬಿಡಬೇಡಿ.

ಕಳಿಸುವಾಗ ಬೇಸ್ ಅಡಿಗೆ ಸಣ್ಣ ಅಯಸ್ಕಾಂತ ಅಂಟಿಸಿ, ಪೆಟ್ಟಿಗೆಯ ತಳಕ್ಕೆ ಉಕ್ಕಿನ ತಗಡು ಹಾಕಿದರೆ ಗೊಂಬೆಗಳು ಒಂದಕ್ಕೊಂದು ತಾಗುವುದಿಲ್ಲ. ಗುರುವಾರ ಬರೆದಿಟ್ಟ ಬಣ್ಣದ ಚೀಟಿಯ ಒಂದು ಪ್ರತಿಯನ್ನೂ ಪೆಟ್ಟಿಗೆಯಲ್ಲಿ ಇಡಿ. ಸೈನ್ಯ ಪಡೆದವರು ನಾಳೆ ನಲವತ್ತೊಂದನೆಯ ಗೊಂಬೆ ಸೇರಿಸಬೇಕು ಅಂದುಕೊಂಡರೆ ಅದೇ ಬಣ್ಣ ಸಿಗಬೇಕಲ್ಲ.