ಕೈ ಖಾಲಿ, ತಲೆ ಭರ್ತಿ
ಹೆಲ್ಮೆಟ್ಟಿನ ಸಂದಿಗೆ ಫೋನ್ ತುರುಕಿಕೊಂಡು, ಕತ್ತು ಕೊಂಚ ಓರೆ ಮಾಡಿ ಮಾತಾಡುತ್ತ ಹೋಗುವ ಸ್ಕೂಟರ್ ಸವಾರ ನಮ್ಮ ಊರುಗಳಲ್ಲಿ ದಿನಕ್ಕೊಬ್ಬನಾದರೂ ಕಣ್ಣಿಗೆ ಬೀಳುತ್ತಾನೆ. ಕೇಳಿದರೆ, 'ಎರಡೂ ಕೈ ಹ್ಯಾಂಡಲ್ ಮೇಲೇ ಇದೆಯಲ್ಲ ಸಾರ್' ಎಂಬ ಉತ್ತರ. ಕಾರಿನವರು ಬ್ಲೂಟೂತ್ ತೋರಿಸಿ ಇದನ್ನೇ ನಾಜೂಕಾಗಿ ಹೇಳುತ್ತಾರೆ.

ತೊಂದರೆ ಕೈಯದ್ದಾಗಿದ್ದರೆ ಒಪ್ಪಬಹುದಿತ್ತು. ಕೆನಡಾದ ಟೊರೊಂಟೊದಲ್ಲಿ ರೆಡೆಲ್‌ಮೈಯರ್ ಮತ್ತು ಟಿಬ್ಷಿರಾನಿ ಎಂಬ ಸಂಶೋಧಕರು, ಅಪಘಾತಕ್ಕೆ ಸಿಕ್ಕ 699 ಚಾಲಕರ ಫೋನ್ ಬಿಲ್‌ಗಳನ್ನು ಜಾಲಾಡಿದರು. ಫೋನ್ ಬಳಸುವಾಗ ಡಿಕ್ಕಿಯಾಗುವ ಸಂಭವ ಸುಮಾರು ನಾಲ್ಕು ಪಟ್ಟು ಎಂದು 1997ರಲ್ಲಿ ಬರೆದರು. ಕೈಯಲ್ಲಿ ಹಿಡಿಯಬೇಕಿಲ್ಲದ ಫೋನಿನವರಿಗೂ ರಿಯಾಯಿತಿಯೇನೂ ಕಾಣಲಿಲ್ಲ.

ಯಾಕೆ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಕೃತಕ ಚಾಲನಾ ಯಂತ್ರದಲ್ಲಿ ಜನರನ್ನು ಕೂರಿಸಿ, ಅವರ ಕಣ್ಣು ಎಲ್ಲೆಲ್ಲಿ ನೆಡುತ್ತದೆ ಎಂದು ಅಳೆಯಿತು. ಫೋನಿನಲ್ಲಿ ಮಾತಾಡುತ್ತಿದ್ದವರು ದಾರಿಬದಿಯ ಜಾಹೀರಾತು ಫಲಕವನ್ನು ನೇರವಾಗಿಯೇ ದಿಟ್ಟಿಸಿದ್ದರು. ಆಮೇಲೆ ಅದೇ ಫಲಕ ತೋರಿಸಿದರೆ ಎಷ್ಟೋ ಸಲ ಗುರುತೇ ಹತ್ತಲಿಲ್ಲ. ನೋಡಿದ್ದು ಕಣ್ಣು, ಮನಸ್ಸು ಕರೆಯ ಆಚೆ ತುದಿಯಲ್ಲಿತ್ತು. ಫಲಕದ ಜಾಗದಲ್ಲಿ ರಸ್ತೆ ದಾಟುವ ಮಗುವನ್ನು ಊಹಿಸಿಕೊಳ್ಳಿ.

ಪಕ್ಕದಲ್ಲಿ ಕೂತವರ ಜೊತೆಗೂ ಮಾತಾಡುತ್ತೇವಲ್ಲ? ಆದರೆ ಬಸ್ಸೊಂದು ಅಡ್ಡ ನುಗ್ಗಿದರೆ ಅವರು ಮಾತು ನುಂಗಿಕೊಳ್ಳುತ್ತಾರೆ, ಇಲ್ಲವೇ 'ಅಯ್ಯೋ, ನೋಡ್ರೀ!' ಎಂದು ಕೂಗುತ್ತಾರೆ. ಫೋನಿನಾಚೆಯ ಭಾವಮೈದುನನಿಗೆ ಬಸ್ಸು ಕಾಣುವುದಿಲ್ಲ. ಸೈಟಿನ ರೇಟು ಕೇಳುತ್ತಲೇ ಇರುತ್ತಾನೆ.

ಮೆಸೇಜ್ ಓದುವುದಂತೂ ಬೇರೆಯೇ ಮಟ್ಟದ ಸಾಹಸ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ತಲೆ ಬಗ್ಗಿಸಿದರೆ 50 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ.

ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಓಡಿಸುವಾಗ ಫೋನ್ ಬಳಸುವುದನ್ನು 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಗೆ ಸೇರಿಸಿದೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ದಾರಿ ನೋಡಲು ಮಾತ್ರ, ಗಮನ ಕೆಡದಂತೆ ಬಳಸಬಹುದೆಂದು 2020ರ ಅಕ್ಟೋಬರಿನಿಂದ ವಿನಾಯಿತಿಯೂ ಇದೆ. ಆದರೆ ಕಾಯ್ದೆಯ ಮಾತು 'ಕೈಯಲ್ಲಿ ಹಿಡಿದ' ಸಾಧನದ ಬಗ್ಗೆ. ಚೌಕದಲ್ಲಿ ನಿಂತ ಪೇದೆಗೆ ಕಾಣುವುದೂ ಕೈಯೇ ತಾನೆ. ತಲೆಯೊಳಗೆ ಇಣುಕುವ ಕ್ಯಾಮೆರಾ ಇನ್ನೂ ಬಂದಿಲ್ಲ.

ಸ್ಟ್ರೇಯರ್ ತಂಡದ್ದೇ 2015ರ ಇನ್ನೊಂದು ಅಧ್ಯಯನವಿದೆ. ಕಾರಿಗೆ ಬಾಯಿಮಾತಲ್ಲಿ ಆಜ್ಞೆ ಕೊಟ್ಟು ಮುಗಿಸಿದ ಮೇಲೂ ಗಮನ ಪೂರ್ತಿ ರಸ್ತೆಗೆ ಮರಳಲು ಕೆಲವು ಕಾರುಗಳಲ್ಲಿ 27 ಸೆಕೆಂಡಿನವರೆಗೆ ಹಿಡಿಯಿತಂತೆ. 60ರ ವೇಗದಲ್ಲಿ ಅದು 450 ಮೀಟರ್. ಅಷ್ಟರಲ್ಲಿ ಎಷ್ಟು ಹಂಪ್ ಬರುತ್ತವೆ ಎಂದು ನಿಮ್ಮ ಬೀದಿಯಲ್ಲೇ ಎಣಿಸಿ ನೋಡಿ.