ಪೇಟೆಗೆ ಪ್ಲೇಗು, ಬಡಾವಣೆಗೆ ಡೆಂಗಿ

ಈಗ ಜ್ವರ ಅಂದರೆ ಪೇಟೆ, ಬಡಾವಣೆಯ ಅಂಜಿಕೆ. ಒಂದು ಕಾಲಕ್ಕೆ ನಮ್ಮಲ್ಲಿ ಅದು ತಿರುವುಮುರುವಾಗಿತ್ತು. ಹಾಸನದ ಬಯಲುಸೀಮೆಯವರು ಸಕಲೇಶಪುರ, ಮೂಡಿಗೆರೆ ಕಡೆ ಕೆಲಸಕ್ಕೆ ಹೋಗಬೇಕೆಂದರೆ ಚಳಿಜ್ವರಕ್ಕೆ ಹೆದರುತ್ತಿದ್ದರು. ಮಲೆನಾಡಿನಲ್ಲಿ ಮಲೇರಿಯಾ ಹರಡುವ ಸೊಳ್ಳೆಗೆ ಬೇಕಾದದ್ದು ನಿಧಾನಕ್ಕೆ ಹರಿಯುವ ತೊರೆಯ ಅಂಚು. ಅದು ಪೇಟೆ ಬೀದಿಯಲ್ಲಿ ಎಲ್ಲಿ ಸಿಗಬೇಕು? ಸ್ವಾತಂತ್ರ್ಯದ ಆಚೀಚೆಗೆ ಡಿಡಿಟಿ ಎಂಬ ಕೀಟನಾಶಕ ಸಿಂಪಡಿಸಿದ ಮೇಲೆ ಆ ಭಯ ತಗ್ಗಿತು.

ಪ್ಲೇಗು ಮಾತ್ರ ಪೇಟೆಯದೇ. 1898ರಲ್ಲಿ ಅದು ಬೆಂಗಳೂರಿಗೆ ಬಂದದ್ದು ರೈಲಿನಲ್ಲಿ. ಗೋಡೆಗೆ ಗೋಡೆ ತಾಗಿದ ಮನೆ, ಅಟ್ಟದಲ್ಲಿ ದವಸ, ದವಸಕ್ಕೆ ಇಲಿ, ಇಲಿಯ ಮೈಮೇಲೆ ರೋಗ ಹೊತ್ತ ಚಿಗಟ. 'ಇಲಿ ಬಿತ್ತು' (ಸತ್ತು ಬಿತ್ತು) ಅಂದರೆ ಸಾಕು, ಮೈಸೂರು ಸೀಮೆಯ ಊರುಗಳಲ್ಲಿ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಅಗಲ ರಸ್ತೆ, ಬಿಡಿಬಿಡಿ ಮನೆ ಇದ್ದರೆ ರೋಗ ಸುಳಿಯದು ಎಂಬ ನಂಬಿಕೆ ಗಟ್ಟಿಯಾದದ್ದು ಆಗಲೇ. ಬೆಂಗಳೂರಿನ ಆಗಿನ ಹೊಸ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡದ್ದರಲ್ಲಿ ಪ್ಲೇಗಿನ ಪಾಲೂ ಇದೆ.

ಡೆಂಗಿ ಈ ನಂಬಿಕೆಗೆ ಸೊಪ್ಪು ಹಾಕಲಿಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಚರಂಡಿಯಲ್ಲಲ್ಲ, ನಾವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರಿನಲ್ಲಿ. ಹೊಸ ಬಡಾವಣೆಯಲ್ಲಿ ಅದಕ್ಕೆ ಹಬ್ಬ: ಮುಚ್ಚಳ ಸರಿಯಿಲ್ಲದ ಸಂಪು, ಫ್ರಿಜ್ ಹಿಂದಿನ ತಟ್ಟೆ, ಕಟ್ಟುತ್ತಿರುವ ಮನೆಯಲ್ಲಿ ಸಿಮೆಂಟು ಗಟ್ಟಿಯಾಗಲೆಂದು ನಿಲ್ಲಿಸಿದ ಕ್ಯೂರಿಂಗ್ ನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ. ನೀರು ಚೆಲ್ಲಿದರೂ ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕುತ್ತದೆ. ಅದಕ್ಕೇ ತಿಕ್ಕಿ ತೊಳೆಯಿರಿ ಅನ್ನುವುದು. ಸಂಜೆ ಹೊಗೆ ಬಿಡುವ ಗಾಡಿ (ಮಕ್ಕಳಿಗೇನೋ ಅದರ ಹಿಂದೆ ಓಡುವುದೇ ಮಜಾ) ಹಾರಾಡುವ ಸೊಳ್ಳೆಯನ್ನು ಕೊಂದೀತು, ಡ್ರಮ್ಮಿನೊಳಗಿನ ಸೊಳ್ಳೆಮರಿ ಹುಳವನ್ನಲ್ಲ.

ಆಶಾ ಕಾರ್ಯಕರ್ತೆ ಡ್ರಮ್ಮಿನೊಳಕ್ಕೆ ಟಾರ್ಚ್ ಬೆಳಕು ಬಿಟ್ಟು ನೋಡುತ್ತಾರೆ, ಕೊಂಕಿಕೊಂಡು ಈಜುವ ಹುಳ ಕಾಣುತ್ತದೆ. "ಚೆಲ್ಲಿಬಿಡಿ ಅಕ್ಕಾ" ಅಂದರೆ, "ಚೆಲ್ತೀನಿ ಕಣಮ್ಮ, ನಾಳೆ ನಲ್ಲೀಲಿ ನೀರು ಬಿಡ್ತಾರಾ?" ನಲ್ಲಿ ದಿನವೂ ಬಂದರೆ ಯಾರು ತಾನೇ ಡ್ರಮ್ ಇಟ್ಟುಕೊಳ್ಳುತ್ತಾರೆ?

ಗಾಳಿಯಲ್ಲಿ ಹರಡುವ ರೋಗಕ್ಕೆ ಬೇರೆಯೇ ಜಾಗ ಬೇಕು. ಕ್ಷಯವಾಗಲಿ ಕೋವಿಡ್ ಆಗಲಿ ಸಲೀಸಾಗಿ ಹರಡುವುದು ಗಾಳಿಯಾಡದ ಕೋಣೆಯಲ್ಲಿ. ಜನಜಂಗುಳಿ ಇದ್ದರೂ ಬಯಲಿನ ಸಂತೆ ಅಷ್ಟು ಅಪಾಯವಲ್ಲ. ಜಿಟಿಜಿಟಿ ಮಳೆಗೆ ಕಿಟಕಿಯೆಲ್ಲ ಎಳೆದುಕೊಂಡ ಚಿಕ್ಕಮಗಳೂರು ಬಸ್ಸು ಅದಕ್ಕಿಂತ ಕೆಟ್ಟದ್ದು.

2024ರಲ್ಲಿ ಡೆಂಗಿ ರಾಜ್ಯದಾದ್ಯಂತ ಏರಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು: ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200, ನಗರದಲ್ಲಿ ಕಟ್ಟಡ ಕಟ್ಟುವ ಜಾಗಕ್ಕೆ 2,000. ಕಟ್ಟಡದವರಿಗೆ ಹೆಚ್ಚು ಹಾಕಿದ್ದು ಸರಿಯೇ. ನೀರು ಸರಿಯಾಗಿ ಬಿಡದವರ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ.