‘ಇದ್ರಲ್ಲಿ ಟಿ ಎಲ್ಲುಂಟು ಮಾಷ್ಟ್ರೇ?’: ಕಾಸರಗೋಡಿನ ಕನ್ನಡ ಮಕ್ಕಳೂ ಇಂಗ್ಲಿಷ್ ಉಚ್ಚಾರವೂ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಕನ್ನಡ ಮೀಡಿಯಂ. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗಿ ಪಾಠ ಓದುತ್ತಿದ್ದಳು. ‘ವಾಕ್’ ಅವಳಿಗೆ ಗೊತ್ತಿತ್ತು. ಅದರ ಕೊನೆಗೆ ಇ, ಡಿ ಸೇರಿದ್ದು ನೋಡಿ ‘ವಾಕೆಡ್’ ಅಂದಳು. ‘ವಾಕ್ಟ್’ ಅಂತ ನಾನು ತಿದ್ದಿದೆ. ಅವಳು ಪುಸ್ತಕವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಕೇಳಿದಳು, ‘ಇದ್ರಲ್ಲಿ ಟಿ ಎಲ್ಲುಂಟು ಮಾಷ್ಟ್ರೇ?’

ಸರಿಯಾದ ಪ್ರಶ್ನೆ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಓದಿದ ಮಗುವಿಗೆ ಇದನ್ನು ಯಾರೂ ಹೇಳಿಯೇ ಇರಲಿಲ್ಲ. ಟೀಚರನ್ನು ದೂರಿ ಸುಮ್ಮನಾಗಬಹುದಿತ್ತು. ಆದರೆ ಆ ಟೀಚರಿಗೂ ಶಾಲೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಇಂಗ್ಲಿಷ್ ನಮ್ಮ ಕಡೆಗೆ ಬಂದ ಬಗೆಯಲ್ಲೇ ಇದರ ಬೇರು ಇದೆ ಅಂತ ನನಗೆ ಅನ್ನಿಸುತ್ತದೆ.

ಮೊದಲು ಇಂಗ್ಲಿಷಿನದೇ ತೊಂದರೆ ನೋಡೋಣ. ಇಂಗ್ಲೆಂಡಿನಲ್ಲಿ ಕ್ಯಾಕ್ಸ್ಟನ್ 1476ರಲ್ಲಿ ಅಚ್ಚುಕೂಟ ಇಟ್ಟ. ಪುಸ್ತಕಗಳು ಹೆಚ್ಚಿದ ಹಾಗೆ ಸ್ಪೆಲ್ಲಿಂಗು ನಿಧಾನವಾಗಿ ಗಟ್ಟಿಯಾಯಿತು. ಅದೇ ಕಾಲದಲ್ಲಿ, ಸುಮಾರು 1400ರಿಂದ 1700ರ ನಡುವೆ, ಆ ಭಾಷೆಯ ದೀರ್ಘ ಸ್ವರಗಳೆಲ್ಲ ಬಾಯಲ್ಲಿ ಜಾಗ ಬದಲಿಸುತ್ತಿದ್ದವು. ಬಾಯಿ ಮುಂದೆ ಹೋಯಿತು, ಕಾಗದ ಹಿಂದೆ ಉಳಿಯಿತು. ‘ನೈಟ್’ ಪದದ ಮೊದಲಲ್ಲಿ ಕೆ ಬರೆಯುತ್ತೇವಲ್ಲ, ಕುದುರೆ ಸವಾರ ಅನ್ನುವ ಅರ್ಥದಲ್ಲಿ, ಆ ಕೆಯನ್ನು ಒಂದು ಕಾಲದಲ್ಲಿ ನಿಜವಾಗಿಯೂ ಉಚ್ಚರಿಸುತ್ತಿದ್ದರು. ಸಾಲ ಅನ್ನುವ ಅರ್ಥದ ‘ಡೆಟ್’ ಪದದ ಬಿ ಕತೆ ಬೇರೆ. ಅದನ್ನು ಯಾರೂ ಉಚ್ಚರಿಸಿದ್ದಿಲ್ಲ, ಲ್ಯಾಟಿನ್ ಮೂಲ ನೆನಪಿರಲಿ ಅಂತ ಪಂಡಿತರು ಆಮೇಲೆ ತುರುಕಿದ್ದು. ಹೀಗಾಗಿ 26 ಅಕ್ಷರಗಳಲ್ಲಿ ಸುಮಾರು 44 ಧ್ವನಿಗಳನ್ನು ಬರೆಯುವ ಭಾಷೆ ಅದು. ಬರೆದಂತೆ ಓದುವ ಕನ್ನಡದ ಮಗು ಅದರ ಮುಂದೆ ಕಕ್ಕಾಬಿಕ್ಕಿ ಆಗುವುದು ಸಹಜ.

ಈ ಭಾಷೆ ನಮ್ಮ ಕರಾವಳಿಗೆ ಬಂದದ್ದು ಶಾಲೆಯ ಮೂಲಕ, ಕಚೇರಿಯ ಮೂಲಕ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ 1834ರಲ್ಲಿ ಬಂದರು. ಮರುವರ್ಷವೇ ಇಂಗ್ಲಿಷ್ ಶಿಕ್ಷಣವೇ ಬೇಕು ಅಂದ ಮೆಕಾಲೆಯ ಟಿಪ್ಪಣಿ, 1854ರಲ್ಲಿ ಸರಕಾರಿ ಶಿಕ್ಷಣಕ್ಕೆ ದಾರಿ ಹಾಕಿದ ವುಡ್‌ನ ಆದೇಶ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ಕೆನರಾ ಜಿಲ್ಲೆಗೆ, ಆ ಜಿಲ್ಲೆ ಇಬ್ಭಾಗವಾದ ಮೇಲೆ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಇಂಗ್ಲಿಷ್ ಕಲಿತರೆ ಗುಮಾಸ್ತನ ಕೆಲಸ, ಕೋರ್ಟಿನ ಕೆಲಸ ಸಿಗುತ್ತಿತ್ತು. ಆ ಕೆಲಸಕ್ಕೆ ಬೇಕಾದದ್ದು ಮುಖ್ಯವಾಗಿ ಬರವಣಿಗೆ. ಅರ್ಜಿ, ರಿಜಿಸ್ಟರು, ದಸ್ತಾವೇಜು. ಅದಕ್ಕೇ ಕಲಿಸುವ ಕ್ರಮವೂ ಹಾಗೇ ಬೆಳೆಯಿತು. ನಿಯಮ ಬಾಯಿಪಾಠ ಮಾಡು, ವಾಕ್ಯವನ್ನು ಕನ್ನಡದಿಂದ ಇಂಗ್ಲಿಷಿಗೆ ತಿರುಗಿಸು, ಕರ್ತೃ ಯಾವುದು, ಕ್ರಿಯೆ ಯಾವುದು ಅಂತ ಬಿಡಿಸಿ ತೋರಿಸು. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಈ ಕ್ರಮಕ್ಕೆ ಗಟ್ಟಿ ಆಧಾರ ಆಯಿತು. ಅದು ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಸಿಕ್ಸ್ತ್ ಫಾರ್ಮ್ (ಆಗಿನ ಹೈಸ್ಕೂಲಿನ ಕೊನೆಯ ಕ್ಲಾಸು) ಮುಗಿಸಿದ ಹಳೇ ತಲೆಮಾರಿನ ಹಿರಿಯರು ಒಂದೂ ತಪ್ಪಿಲ್ಲದೆ ಇಂಗ್ಲಿಷ್ ಅರ್ಜಿ ಬರೆದುಕೊಡುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಅವರ ಮೇಲೆ ನನಗೆ ತುಂಬ ಗೌರವ. ಆದರೆ ಮಾತಾಡು ಅಂದರೆ ಹಿಂಜರಿಯುತ್ತಿದ್ದರು, ಯಾಕೆಂದರೆ ಮಾತಾಡಿ ಅಂತ ಶಾಲೆ ಅವರನ್ನು ಕೇಳಿರಲಿಲ್ಲ.

ಸ್ವಾತಂತ್ರ್ಯದ ನಂತರ ಇದನ್ನು ಬದಲಿಸುವ ಪ್ರಯತ್ನ ಆಯಿತು. 1950ರ ದಶಕದಲ್ಲಿ ಮದ್ರಾಸ್ ರಾಜ್ಯದಲ್ಲಿ ವಾಕ್ಯರಚನೆಯ ಮಾದರಿಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಸಿ ಕಲಿಸುವ ಕ್ರಮ ಬಂತು. ಪೆನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’, ಇಡೀ ಕ್ಲಾಸು ಒಟ್ಟಿಗೆ ‘ದಿಸ್ ಈಸ್ ಎ ಪೆನ್’. ಟೀಚರುಗಳಿಗೆ ತರಬೇತಿ ಕೊಡಲಿಕ್ಕೆ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರದ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆ ಶುರುವಾದವು. ಅಷ್ಟರಲ್ಲಿ ನಮ್ಮ ಊರಿನ ವಿಳಾಸವೇ ಬದಲಾಗಿತ್ತು. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕನ್ನಡ ಶಾಲೆಗಳು ಉಳಿದವು, ಪಠ್ಯ ಕೇರಳದ್ದಾಯಿತು. ಮಲಯಾಳ ಮಾತ್ರ ಬಲ್ಲ ಟೀಚರುಗಳನ್ನು ಕನ್ನಡ ಮೀಡಿಯಂ ಶಾಲೆಗಳಿಗೆ ಹಾಕಿದಾಗಲೆಲ್ಲ ಇಲ್ಲಿ ಪ್ರತಿಭಟನೆ ಆಗಿದೆ. ಗಣಿತ, ವಿಜ್ಞಾನದ ವಿಷಯದಲ್ಲಿ ಜನ ಸಿಟ್ಟಾದರು, ಸರಿಯೇ. ಇಂಗ್ಲಿಷಿಗೂ ಈ ಪೆಟ್ಟು ಬೀಳುತ್ತದೆ ಅನ್ನುವುದನ್ನು ಮಾತ್ರ ಕಡಿಮೆ ಜನ ಹೇಳಿದರು. ಇಂಗ್ಲಿಷ್ ಧ್ವನಿಯನ್ನು ಮಗುವಿಗೆ ಕಲಿಸಬೇಕಾದರೆ ಮಗುವಿನ ಬಾಯಲ್ಲಿ ಈಗಾಗಲೇ ಯಾವ ಧ್ವನಿ ಇದೆ ಅಂತ ಟೀಚರಿಗೆ ಗೊತ್ತಿರಬೇಕು, ಅಲ್ವಾ?

ಇನ್ನೊಂದು ಪ್ರಯೋಗದ ಬಗ್ಗೆ ಹೇಳಲೇಬೇಕು. 1979ರಿಂದ 1984ರ ತನಕ ಭಾಷೆ ಕಲಿಸುವ ವಿಷಯದ ತಜ್ಞ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ಬೆಂಗಳೂರು, ಮದ್ರಾಸ್ ಮುಂತಾದ ಕಡೆ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣವನ್ನು ನೇರವಾಗಿ ಹೇಳುವುದನ್ನೇ ಬಿಟ್ಟರು. ಅದರ ಬದಲು ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಪ್ರಶ್ನೆ ಬಿಡಿಸಲು ಹೇಳಿದರು. ತಲೆ ಕೆಲಸದಲ್ಲಿ ಮುಳುಗಿದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನುವ ನಂಬಿಕೆ ಅದು. ‘ಬೆಂಗಳೂರು ಪ್ರಾಜೆಕ್ಟ್’ ಅಂತ ಅದು ಹೊರದೇಶಗಳಲ್ಲೂ ಹೆಸರಾಯಿತು. 1990ರ ದಶಕದ ನಂತರ ಕೇರಳದ ಪಠ್ಯವೂ ಚಟುವಟಿಕೆಯ ಕಡೆ ತಿರುಗಿತು. ವ್ಯಾಕರಣದ ಬಾಯಿಪಾಠ ಕಡಿಮೆಯಾಯಿತು. ಒಳ್ಳೆಯದೇ. ಆದರೆ ಬಾಯಿಪಾಠ ಹೋದ ಜಾಗಕ್ಕೆ ಉಚ್ಚಾರ ಬರಲಿಲ್ಲ.

ಯಾಕೆ ಬರಲಿಲ್ಲ ಅಂದರೆ ಪರೀಕ್ಷೆ ಅದನ್ನು ಕೇಳುವುದಿಲ್ಲ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕ ಕ್ಲಾಸಿನ ನಿರಂತರ ಮೌಲ್ಯಮಾಪನಕ್ಕೆ. ಆ 80ರಲ್ಲಿ ಬಾಯಿ ತೆರೆಯುವ ಅಗತ್ಯವೇ ಇಲ್ಲ. ನಮ್ಮ ಹುಡುಗಿಯರು ಎಷ್ಟೋ ಜನ ಪ್ಲಸ್ ಟು ಮುಗಿಸಿ ಮಂಗಳೂರಿಗೆ ನರ್ಸಿಂಗ್ ಕಲಿಯಲು ಹೋಗುತ್ತಾರೆ. ಆಮೇಲೆ ಹೊರದೇಶಕ್ಕೆ ಅಂತ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾಗುತ್ತದೆ. ಅದರಲ್ಲಿ ನಾಲ್ಕು ಭಾಗ, ಒಂದು ಭಾಗ ಎದುರು ಕೂತು ಮಾತಾಡುವುದು. ಅಷ್ಟು ವರ್ಷ ಇಂಗ್ಲಿಷ್ ಓದಿದ ಮೇಲೆ, ನೀನು ಹೇಳಿದ್ದು ನನಗೆ ಅರ್ಥವಾಯಿತಾ ಅಂತ ಅವಳನ್ನು ಮೊದಲ ಸಲ ಅಳೆಯುವುದು ಅಲ್ಲಿ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಇಂಗ್ಲೆಂಡಿನವರ ಹಾಗೆ ಮಾತಾಡಬೇಕು ಅಂತ ನಾನು ಹೇಳುತ್ತಿಲ್ಲ. ಎದುರಿನವರಿಗೆ ಒಂದೇ ಸಲಕ್ಕೆ ಅರ್ಥವಾದರೆ ಸಾಕು. ಅದಕ್ಕೆ ಬೇಕಾದ ಸಾಮಾನು ಕಾಸರಗೋಡಿನ ಮಕ್ಕಳ ಹತ್ತಿರ ಬೇರೆಲ್ಲರಿಗಿಂತ ಜಾಸ್ತಿಯೇ ಇದೆ. ಸಪ್ತಭಾಷೆಗಳ ನಾಡು ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಕ್ಲಾಸಿನಲ್ಲಿ ಅದನ್ನು ಬಳಸುವುದೇ ಇಲ್ಲ. ತುಳುವಿನಲ್ಲಿ ‘ಯಾನ್ ಬತ್ತೆ’ ಅಂದರೆ ನಾನು ಬಂದೆ, ‘ಆಯೆ ಬತ್ತೆ’ ಅಂದರೆ ಅವನು ಬಂದ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಬಾಯಲ್ಲಿ ಬೇರೆ, ಮೊದಲನೆಯದರ ಕೊನೆಯ ಎಕಾರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ. ‘ಬೆಡ್’ ಮತ್ತು ‘ಬ್ಯಾಡ್’ ನಡುವಿನ ವ್ಯತ್ಯಾಸ ಇದಕ್ಕೆ ತುಂಬ ಹತ್ತಿರ. ಕನ್ನಡದಲ್ಲಿ ‘ಬ್ಯಾ’ ಅಂತ ಬರೆದ ಕೂಡಲೇ ನಡುವೆ ಒಂದು ಯ ನುಸುಳಿಬಿಡುತ್ತದೆ. ತುಳು ಮನೆಮಾತಿನ ಮಗುವಿಗೆ ‘ಬತ್ತೆ’ ನೆನಪಿಸಿದರೆ ಆ ಯ ಹೋಗುತ್ತದೆ. ಹಾಗೆಯೇ ಬಸ್ಸು, ಕಾರು ಅಂತ ಕನ್ನಡದವರು ಕೊನೆಗೆ ಪೂರ್ತಿ ಉಕಾರ ಸೇರಿಸುತ್ತೇವೆ. ತುಳು, ಮಲಯಾಳಗಳಲ್ಲಿ ತುಟಿ ದುಂಡಾಗದ ಅರೆ ಉಕಾರ ಇದೆ. ಒತ್ತಿಲ್ಲದ ಇಂಗ್ಲಿಷ್ ಸ್ವರ ಕಲಿಸಲು ಅಲ್ಲಿಂದ ಹೊರಡಬಹುದು.

ಈಗ ಆ ಹುಡುಗಿಯ ಟಿಗೆ ಬರೋಣ. ಕನ್ನಡದ ವರ್ಗಾಕ್ಷರಗಳ ಪಟ್ಟಿ ಅವಳಿಗೆ ಬಾಯಿಗೆ ಬರುತ್ತದೆ. ಅಕಾರ ಬಿಟ್ಟು ಕ್, ಚ್, ಟ್, ತ್, ಪ್ ಹೇಳುವಾಗ ಗಂಟಲು ನಡುಗುವುದಿಲ್ಲ, ಗ್, ಜ್, ಡ್, ದ್, ಬ್ ಹೇಳುವಾಗ ನಡುಗುತ್ತದೆ. ಗಂಟಲಿನ ಮೇಲೆ ಬೆರಳಿಟ್ಟರೆ ಗೊತ್ತಾಗುತ್ತದೆ. ಈ ವಿಂಗಡಣೆಯನ್ನು ಯುರೋಪಿನ ಧ್ವನಿವಿಜ್ಞಾನಿಗಳು 19ನೇ ಶತಮಾನದಲ್ಲಿ ಸಂಸ್ಕೃತ ವ್ಯಾಕರಣಗಳಿಂದಲೇ ಕಲಿತರು. ‘ವಾಕ್’ ಮುಗಿಯುವುದು ಕ್‌ನಲ್ಲಿ, ನಡುಕ ಇಲ್ಲ, ಅದಕ್ಕೇ ಟ್. ‘ಪ್ಲೇ’ ಸ್ವರದಲ್ಲಿ ಮುಗಿಯುತ್ತದೆ, ನಡುಕ ಇದೆ, ‘ಪ್ಲೇಡ್’. ‘ವಾಂಟ್’ ಆಗಲೇ ಟ್‌ನಲ್ಲಿ ಮುಗಿದಿದೆ, ಅದರ ಮೇಲೆ ಇನ್ನೊಂದು ಟ್ ಹೇಳಲಾಗದು, ಆಗ ‘ವಾಂಟಿಡ್’. ಇದನ್ನು ಹೇಳಿದ ಮೇಲೆ ಕನ್ನಡದ ಮೂರು ಪದ ಬರೆಸಿದೆ: ಕಲಿತ, ಬರೆದ, ಮಾಡಿದ. ಒಂದೇ ಭೂತಕಾಲಕ್ಕೆ ನಮ್ಮಲ್ಲೂ ತ, ದ, ಇದ ಅಂತ ಮೂರು ರೂಪ! ನಿಯಮ ಬೇರೆ, ಆದರೆ ಪ್ರತ್ಯಯ ಹಿಂದಿನ ಪದ ನೋಡಿ ಬದಲಾಗುತ್ತದೆ ಅನ್ನುವುದು ಅವಳಿಗೆ ಹೊಸತೇನೂ ಆಗಿರಲಿಲ್ಲ.

‘ಎ’, ‘ಆನ್’ ವಿಷಯವೂ ಹಾಗೇ. ಎ, ಇ, ಐ, ಓ, ಯು ಬಂದರೆ ‘ಆನ್’ ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಆಮೇಲೆ ‘ಎ ಯೂನಿವರ್ಸಿಟಿ’, ‘ಆನ್ ಅವರ್’ ಬಂದಾಗ ಗೊಂದಲ. ಅಕ್ಷರ ಬಿಟ್ಟು ಧ್ವನಿ ಕೇಳಿಸಿಕೊಂಡರೆ ಗೊಂದಲವೇ ಇಲ್ಲ. ನಮ್ಮಲ್ಲಿ ಹಲವರು ಎಗ್ ಅನ್ನು ‘ಯೆಗ್’ ಅನ್ನುತ್ತೇವೆ. ಹಾಗೆ ಹೇಳುವ ಹುಡುಗ ‘ಎ ಯೆಗ್’ ಅಂತ ಬರೆದರೆ ಅವನ ಕಿವಿಗೆ ಅದು ಸರಿಯೇ. ಅವನ ನೋಟ್ಸಿನಲ್ಲಿ ಕೆಂಪು ಗೀಟು ಹಾಕುವ ಮೊದಲು ಅವನ ಬಾಯಿಂದ ಆ ಯ ತೆಗೆಯಬೇಕು.

ಆ ಹುಡುಗಿ ಈಗ ತನ್ನ ಪಠ್ಯಪುಸ್ತಕದಲ್ಲಿ ಇ, ಡಿ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಸಣ್ಣದಾಗಿ ಟ್, ಡ್, ಇಡ್ ಅಂತ ಗುರುತು ಹಾಕಿಕೊಳ್ಳುತ್ತಾಳೆ. ಮೊನ್ನೆ ಅವಳ ತಮ್ಮ, ಆರನೇ ಕ್ಲಾಸು, ಪಕ್ಕದಲ್ಲಿ ಕೂತು ‘ಜಂಪೆಡ್’ ಅಂದ. ಅವಳು ಅವನ ಕೈ ಹಿಡಿದು ಬೆರಳನ್ನು ಅವನದೇ ಗಂಟಲಿಗೆ ಒತ್ತಿ, ‘ಪ್ ಹೇಳು’ ಅಂದಳು.